ನಿಧಿಯ ಕಥೆ, ಅಂಜಿಕೆಯ ಕಥೆ

ಮೆಕೆಂಝಿ ಕ್ರುಕ್ ಬರೆದು ನಿರ್ದೇಶಿಸಿದ ಬಿಬಿಸಿಯ ‘ಡಿಟೆಕ್ಟರಿಸ್ಟ್ಸ್’ ಸರಣಿಯನ್ನು (2014–17) ನಮ್ಮ ಮುಗದದಲ್ಲಿ ಕೂತು ನೋಡುವುದೇ ಬೇರೆ. ಆಂಡಿ, ಲ್ಯಾನ್ಸ್ ಎಂಬ ಗೆಳೆಯರು ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುತ್ತಾರೆ. ಸಿಗುವುದು ಹೆಚ್ಚಾಗಿ ಡಬ್ಬಿಯ ತಗಡು, ಅಂಗಿಯ ಗುಂಡಿ. ನಮ್ಮ ಕಡೆ ನಿಧಿ ಅಂದರೆ ಅಮಾವಾಸ್ಯೆ, ನಿಂಬೆಹಣ್ಣು, ಹಾರೆ, ಬುಡಮೇಲಾದ ಲಿಂಗ. ಇವರಿಗೋ ಹೊಲದ ಒಡೆಯನ ಒಪ್ಪಿಗೆಯದೇ ಚಿಂತೆ. ಮೂರನೆಯ ಸರಣಿಯ ಕೊನೆಗೆ ಚಿನ್ನದ ನಾಣ್ಯ ಉದುರುವುದು ಮರದಿಂದ. ಮ್ಯಾಗ್‌ಪೈ ಹಕ್ಕಿಗಳು ಕದ್ದು ಗೂಡಿಗೆ ಒಯ್ದಿದ್ದವು. ಯಂತ್ರವೆಲ್ಲ ನೆಲಕ್ಕೇ ಮುಖಮಾಡಿತ್ತು! ನಾನು ಬಿದ್ದು ಬಿದ್ದು ನಕ್ಕೆ.

ಆದರೆ ಈ ಮುಗ್ಧತೆ ಬರೀ ಸ್ವಭಾವದಿಂದ ಬಂದದ್ದೆಂದು ಒಪ್ಪಲಾರೆ. 1997ರಿಂದ ಅಲ್ಲೊಂದು ವ್ಯವಸ್ಥೆಯಿದೆ: ಸಿಕ್ಕ ಗುಂಡಿಯನ್ನೂ ತೋರಿಸಿದರೆ, ಯಾವ ಹೊಲದಲ್ಲಿ ಸಿಕ್ಕಿತೆಂದು ಬರೆದುಕೊಳ್ಳುತ್ತಾರೆ. ಅದೇ ಬ್ರಿಟಿಷರು 1878ರಲ್ಲಿ ನಮಗೆ ಮಾಡಿದ ಕಾಯ್ದೆಯಲ್ಲಿ ಹತ್ತು ರೂಪಾಯಿ ಮೀರಿದ ನಿಧಿಯನ್ನು ಕಲೆಕ್ಟರರಿಗೆ ತಿಳಿಸದವನಿಗೆ ಜೈಲು. ನೇಗಿಲಿಗೆ ರಾಣಿ ಛಾಪಿನ ಬೆಳ್ಳಿ ರೂಪಾಯಿ ತಗುಲಿದವ ಕಚೇರಿಗೆ ಹೋಗುತ್ತಾನೋ, ಪತ್ತಾರರ ಅಂಗಡಿಗೋ? ಕರಗಿಸಿದ ಮೇಲೆ ಯಾವ ಹೊಲದ್ದೆಂದು ಕೇಳುವವರಿಲ್ಲ. ಕ್ರುಕ್ ಈ ಅಂಜಿಕೆ ಇಲ್ಲದೆಯೇ ಕಥೆ ಕಟ್ಟಬಲ್ಲ. ಕನ್ನಡದಲ್ಲಿ ಇಂಥದ್ದು ಬರೆಯುವವರು ಅಲ್ಲಿಂದಲೇ ಶುರುಮಾಡಬೇಕಾದೀತು.