ಮಸ್ಟರ್ ರೋಲಿನ ಆಚೆ ನಿಂತವರು

ಕಾರ್ಮಿಕ ಸಂಘಗಳು ಇವತ್ತಿಗೂ ಕಾರ್ಮಿಕರ ಪರವಾಗಿ ಇವೆಯೆ? ಹೀಗೆ ಕೇಳುವವರ ದನಿಯಲ್ಲಿ ಒಂದು ಹಳಹಳಿಕೆ ಇರುತ್ತದೆ. ಹಿಂದೆ ಎಲ್ಲಾ ಸರಿಯಿತ್ತು, ಈಗ ಕೆಟ್ಟುಹೋಯ್ತು ಅನ್ನೋ ಹಳಹಳಿಕೆ. ನನಗೆ ಅದರಲ್ಲಿ ಪಾಲಿಲ್ಲ. ದಲಿತ ವಿಮರ್ಶೆ ಈ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿಯಬೇಕು. ಸಂಘದ ಬಾಯಲ್ಲಿ ‘ಕಾರ್ಮಿಕ’ ಅನ್ನುವ ಮಾತು ಬಂದಾಗ ಆ ಮಾತಿನೊಳಗೆ ಯಾರಿದ್ದಾರೆ, ಹೊರಗೆ ಯಾರು ನಿಂತಿದ್ದಾರೆ?

1928ರ ಮುಂಬಯಿಯನ್ನು ನೋಡಿ. ಬಟ್ಟೆ ಗಿರಣಿಗಳ ಸುಮಾರು ಒಂದೂವರೆ ಲಕ್ಷ ಕೆಲಸಗಾರರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮುಷ್ಕರ ಹೂಡಿದರು. ಆ ಗಿರಣಿಗಳಲ್ಲಿ ಕೂಲಿ ಹೆಚ್ಚಿದ್ದ ನೇಯ್ಗೆ ಖಾತೆಯೊಳಕ್ಕೆ ಅಸ್ಪೃಶ್ಯರಿಗೆ ಪ್ರವೇಶ ಇರಲಿಲ್ಲ. ಲಾಳಿಯ ದಾರವನ್ನು ಬಾಯಿಂದ ಹೀರಿ ಎಳೆಯಬೇಕಿತ್ತು. ಮಹಾರನ ಎಂಜಲು ತಾಕಿದ ಲಾಳಿಯನ್ನು ಸವರ್ಣ ನೇಕಾರ ಮುಟ್ಟಲೊಲ್ಲ. ಈ ಬಾಗಿಲು ಹಾಕಿದವನು ಜೊತೆಗಾರ ಕೆಲಸಗಾರ. ಇದನ್ನು ತೆಗೆಯುವ ಬೇಡಿಕೆಯನ್ನೂ ಪಟ್ಟಿಗೆ ಸೇರಿಸಿ ಅಂತ ಅಂಬೇಡ್ಕರ್ ಪಟ್ಟು ಹಿಡಿದರು. ಮುಷ್ಕರದ ಮುಂದಾಳುಗಳು ಒಲ್ಲದ ಮನಸ್ಸಿನಿಂದ ಸೇರಿಸಿದರು. ಮಾಲೀಕರು ಏನೆಂದರು? ಇದು ಅನ್ಯಾಯವೇ ಆಗಿದ್ದರೆ ಅದಕ್ಕೆ ನಾವು ಹೊಣೆಯಲ್ಲ ಅಂದರು. ಆ ಒಂದು ಮಾತಿನ ಮಟ್ಟಿಗೆ ಬಂಡವಾಳಶಾಹಿ ಸುಳ್ಳು ಹೇಳಿರಲಿಲ್ಲ.

ಹಾಗಂತ ಅಂಬೇಡ್ಕರ್ ಮುಷ್ಕರದ ವಿರೋಧಿ ಅನ್ನೋದು ಹಸೀ ಸುಳ್ಳು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದವರು ಅವರು. 1938ರ ನವೆಂಬರ್ 7ರಂದು ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ ಕಮ್ಯುನಿಸ್ಟರ ಜೊತೆ ನಿಂತು ಮುಷ್ಕರ ನಡೆಸಿದವರೂ ಅವರೇ. ಅದೇ ವರ್ಷದ ಫೆಬ್ರವರಿಯಲ್ಲಿ ಮನ್ಮಾಡದಲ್ಲಿ ರೈಲ್ವೆಯ ದಲಿತ ಕೆಲಸಗಾರರ ಮುಂದೆ, ಬ್ರಾಹ್ಮಣಶಾಹಿ ಬಂಡವಾಳಶಾಹಿ ಎರಡೂ ನಮ್ಮ ಶತ್ರುಗಳು ಎಂದು ಹೇಳಿದ್ದರು. ದಲಿತ ಗ್ಯಾಂಗ್‌ಮನ್ ಆಗಿ ಸೇರಿದವನು ಗ್ಯಾಂಗ್‌ಮನ್ ಆಗಿಯೇ ಮುದುಕನಾಗುತ್ತಾನೆ. ಪೋರ್ಟರ್ ಕೂಡ ಆಗಲಾರ. ಯಾಕೆಂದರೆ ಪೋರ್ಟರ್ ಆದವನು ಸ್ಟೇಷನ್ ಮಾಸ್ತರನ ಮನೆಗೆಲಸಕ್ಕೂ ಬೇಕು, ಅಸ್ಪೃಶ್ಯನನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳೋದು ಹೇಗೆ? ಇದು ಅಲ್ಲಿ ಅವರು ಕೊಟ್ಟ ಉದಾಹರಣೆ. ಕೂಲಿಯ ಲೆಕ್ಕದಿಂದ ಮಾತ್ರ ಇದು ಅರ್ಥವಾಗುವುದಿಲ್ಲ.

‘ಅದು ಹಳೇ ಕಥೆ, ಈಗ ಆ ಲಾಳಿಯೂ ಇಲ್ಲ ಆ ಗಿರಣಿಯೂ ಇಲ್ಲ’ ಅಂತ ನಮ್ಮ ಎಡಪಂಥೀಯ ಗೆಳೆಯರು ಅನ್ನಬಹುದು. ಸರಿ, ಲಾಳಿ ಹೋಯ್ತು. ಈಗ ಮಸ್ಟರ್ ರೋಲ್ ಆ ಕೆಲಸ ಮಾಡುತ್ತಿದೆ. ಒಂದೇ ಗೇಟಿನೊಳಗೆ ಖಾಯಂ ಕೆಲಸಗಾರ ಒಬ್ಬ, ಗುತ್ತಿಗೆಯವನು ಇನ್ನೊಬ್ಬ. ಗುಡಿಸುವ, ಕಕ್ಕಸು ತೊಳೆಯುವ, ಹೊರೆ ಹೊರುವ ಕೆಲಸಗಳು ಗುತ್ತಿಗೆಗೆ ಬಿದ್ದಿವೆ. ಆ ಕೆಲಸ ಮಾಡುವವರು ಯಾವ ಕೇರಿಯವರು ಅಂತ ಬಿಡಿಸಿ ಹೇಳಬೇಕಿಲ್ಲ. ಸರ್ಕಾರ ಗುತ್ತಿಗೆಯನ್ನು ನಿಷೇಧಿಸಿದರೂ ಗುತ್ತಿಗೆ ಕೆಲಸಗಾರ ತಾನಾಗಿ ಖಾಯಂ ಆಗುವುದಿಲ್ಲವೆಂದು 2001ರಲ್ಲಿ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಹಲವು ಸಂಘಗಳಿದ್ದ ಕಡೆ, ಮಸ್ಟರ್ ರೋಲಿನಲ್ಲಿರುವವರ ಪೈಕಿ ಶೇಕಡಾ 51ರಷ್ಟು ಮಂದಿಯ ಬೆಂಬಲ ಇರುವ ಸಂಘವೇ ಮಾತುಕತೆಗೆ ಕೂರುವ ಏಕೈಕ ಸಂಘ. ಗುತ್ತಿಗೆಯವರ ಹೆಸರು ಇರೋದು ಕಂಟ್ರಾಕ್ಟರನ ಪುಸ್ತಕದಲ್ಲಿ. ಅವರ ಬೆಂಬಲವಿಲ್ಲದೆಯೇ ಸಂಘ ಗೆಲ್ಲಬಹುದು. ಹಾಗಾಗಿ ಅವರ ಮಾತು ಆಡಲೇಬೇಕೆಂಬ ಹಂಗೂ ಅದಕ್ಕಿಲ್ಲ. ಮುಂದಾಳು ಒಳ್ಳೆಯವನೋ ಕೆಟ್ಟವನೋ ಅನ್ನೋದು ಆಮೇಲಿನ ಮಾತು.

ಈ ಕೋಲನ್ನು ನಮ್ಮ ಕಡೆಗೂ ತಿರುಗಿಸಬೇಕು. ಎಸ್ಸಿ ಎಸ್ಟಿ ನೌಕರರ ಸಂಘಗಳು ರೋಸ್ಟರ್, ಬಡ್ತಿ, ಬ್ಯಾಕ್‌ಲಾಗ್ ಅಂತ ಹೋರಾಡಿವೆ. ಅದು ನ್ಯಾಯವಾದ ಹೋರಾಟವೇ. ಆದರೆ ಆ ಕಛೇರಿಗಳನ್ನು ಬೆಳಿಗ್ಗೆ ಗುಡಿಸುವ ಗುತ್ತಿಗೆಯ ಹೆಂಗಸು ನಮ್ಮವಳೇ ಆದರೂ ನಮ್ಮ ಬೇಡಿಕೆ ಪಟ್ಟಿಯಲ್ಲಿ ಅವಳನ್ನು ಹುಡುಕಬೇಕು. ಹುದ್ದೆಯೇ ಗುತ್ತಿಗೆಗೆ ಹೋದ ಮೇಲೆ ರೋಸ್ಟರ್ ಇಟ್ಟುಕೊಂಡು ಏನ್ ಮಾಡೋದು? ಅವಳಿಗಾಗಿ ಅಲ್ಲದಿದ್ದರೂ ನಮ್ಮ ಮಕ್ಕಳ ಮೀಸಲಾತಿಗಾಗಿಯಾದರೂ ನಾವು ಇದನ್ನು ಕೇಳಬೇಕಿತ್ತು.

ಹಾಗಾದರೆ ಸಂಘ ಬೇಡವೆ? ಬೇಕು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತರು. ಬೆಂಗಳೂರಿನಲ್ಲಿ ಅವರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ 11,133 ಮಂದಿಯನ್ನು ಖಾಯಂ ಮಾಡಲು ಒಪ್ಪಿತು. 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಮಂದಿಗೆ ನೇಮಕದ ಪತ್ರ ಕೊಡಲಾಯಿತು. ಖಾಯಂ ಸಂಘಗಳ ಹೊಸ್ತಿಲಲ್ಲಿ ಕಾಯದೆ, ಗುತ್ತಿಗೆಯವರು ತಮ್ಮದೇ ಸಂಘ ಕಟ್ಟಿಕೊಂಡು ಬೀದಿಗೆ ಬಂದದ್ದರಿಂದ ಆದ ಕೆಲಸ ಇದು.

ಇಲ್ಲೂ ನನಗೊಂದು ದಿಗಿಲಿದೆ. ಕಸದ ಆಟೋ ಓಡಿಸುವವರು, ಲೋಡರುಗಳು ಆ ಖಾಯಮಾತಿಯ ಹೊರಗೇ ಉಳಿದರು. ಇವತ್ತು ಖಾಯಂ ಆದವಳು ನಾಳೆ ಲೋಡರನ ಮುಷ್ಕರಕ್ಕೆ ಬರ್ತಾಳೆಯೆ? ಬರದಿದ್ದರೆ ಹಳೇ ನೇಯ್ಗೆ ಖಾತೆಗೆ ಹೊಸ ಬಾಗಿಲು ಬಿದ್ದ ಹಾಗೆ. ಖಾಯಂ ಆದ ಮೇಲೂ ಆ ಪೊರಕೆ ಯಾಕೆ ನಮ್ಮ ಕೇರಿಯಲ್ಲೇ ತಾಯಿಯಿಂದ ಮಗಳ ಕೈಗೆ ದಾಟಬೇಕು ಅನ್ನೋದೂ ಬೇಡಿಕೆಯ ಪಟ್ಟಿಗೆ ಬರಬೇಕು.

ಸಂಘಗಳ ಭಾಷಣ ಕೇಳಿ ತೀರ್ಮಾನಿಸಬೇಡಿ. ರಾಜಿಗೆ ಕೂತಾಗ ಮೊದಲು ಬಿಟ್ಟುಕೊಡುವ ಬೇಡಿಕೆ ಯಾರದ್ದು ಅಂತ ನೋಡಿ. ಆ ಸಂಘ ಯಾರದ್ದು ಅಂತ ಅಲ್ಲೇ ಗೊತ್ತಾಗ್ತದೆ.