ನೀಮೊನ ಮನೆಗೂ ಜೀವವಿದೆ

'ಫೈಂಡಿಂಗ್ ನೀಮೊ' ಚಲನಚಿತ್ರ ಬಂದದ್ದು 2003ರಲ್ಲಿ. ಪಿಕ್ಸಾರ್ ಸಂಸ್ಥೆ ತಯಾರಿಸಿ, ಆಂಡ್ರೂ ಸ್ಟಾಂಟನ್ ನಿರ್ದೇಶಿಸಿದ ಈ ಅನಿಮೇಷನ್ ಚಿತ್ರಕ್ಕೆ ಮರುವರ್ಷ ಆಸ್ಕರ್ ಪ್ರಶಸ್ತಿಯೂ ದೊರೆಯಿತು. ಇಪ್ಪತ್ತು ವರ್ಷ ದಾಟಿದರೂ ಅದರ ಪ್ರಭಾವ ಕುಂದಿಲ್ಲ. ಕಿತ್ತಳೆ ಬಣ್ಣದ ಮೈಮೇಲೆ ಮೂರು ಬಿಳಿ ಪಟ್ಟಿಗಳಿರುವ ಕ್ಲೌನ್ ಮೀನನ್ನು ಅಂಗಡಿಯ ತೊಟ್ಟಿಯಲ್ಲಿ ಕಂಡ ಮಕ್ಕಳು ಅದನ್ನು ಕರೆಯುವುದು 'ನೀಮೊ' ಎಂದೇ. ಮೀನು ಮನೆಗೆ ಬಂದ ಮೇಲೆ ಇನ್ನೊಂದು ಪ್ರಶ್ನೆ ಹಿಂದೆಯೇ ಬರುತ್ತದೆ: "ನೀಮೊಗೆ ಇರಲು ಮನೆ ಬೇಡವೆ?" ಮನೆ ಎಂದರೆ ಚಿತ್ರದಲ್ಲಿ ತಂದೆ-ಮಗ ವಾಸವಾಗಿದ್ದ ಕಡಲ ಅನಿಮೋನ್.

ಹವಳದ ಅಕ್ವೇರಿಯಂ ಇಟ್ಟವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎದುರಿಸುತ್ತಾರೆ. ಉತ್ತರಕ್ಕೆ ಹೋಗುವ ಮುನ್ನ ಈ ಪ್ರಶ್ನೆಯನ್ನು ನಮ್ಮ ಮನಸ್ಸಿನಲ್ಲಿ ಬಿತ್ತಿದ ಚಿತ್ರವನ್ನೇ ವಿಜ್ಞಾನದ ದೃಷ್ಟಿಯಿಂದ ಇನ್ನೊಮ್ಮೆ ನೋಡೋಣ.

ಚಿತ್ರ ಸರಿಯಾಗಿ ಹೇಳಿದ್ದು

ಮೊದಲು ಮೆಚ್ಚಬೇಕಾದುದನ್ನು ಮೆಚ್ಚೋಣ. ಶಾಲೆಗೆ ಹೊರಟ ನೀಮೊಗೆ ತಂದೆ ಮಾರ್ಲಿನ್, ಅನಿಮೋನಿನ ಸ್ಪರ್ಶಾಂಗಗಳಿಗೆ ಮೈ ಉಜ್ಜಿಕೊಳ್ಳುವಂತೆ ಹೇಳುವ ದೃಶ್ಯವಿದೆ. ಹಲ್ಲುಜ್ಜಲು ಹೇಳುವ ಅಪ್ಪನ ತಮಾಷೆಯಂತೆ ಅದು ಕಂಡರೂ ಅದರ ಹಿಂದೆ ನಿಜಾಂಶವಿದೆ. ಹೊಸ ಅನಿಮೋನನ್ನು ಸೇರುವ ಕ್ಲೌನ್ ಮೀನು ಮೊದಲು ಬಾಲವನ್ನು, ಆಮೇಲೆ ಹೊಟ್ಟೆಯ ಭಾಗವನ್ನು ಮೆಲ್ಲಗೆ ತಾಕಿಸುತ್ತ ಹೊಂದಿಕೊಳ್ಳುತ್ತದೆ. ಅದರ ಮೈಮೇಲಿನ ಲೋಳೆಯ ರಾಸಾಯನಿಕ ರಚನೆ ಕುಟುಕುಕೋಶಗಳನ್ನು ಕೆರಳಿಸದಂತಿರುತ್ತದೆ. ಆ ಲೋಳೆಯಲ್ಲಿ ಸಿಯಾಲಿಕ್ ಆಮ್ಲದ ಪ್ರಮಾಣ ತೀರ ಕಡಿಮೆ ಎಂಬುದನ್ನು 2025ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ.

ಮನೆ ಬಿಟ್ಟು ಹೊರಬರಲು ಮಾರ್ಲಿನ್ ಅಂಜುವುದೂ ಸರಿಯೇ. ಕ್ಲೌನ್ ಮೀನು ಈಜುವುದರಲ್ಲಿ ಚುರುಕಲ್ಲ. ಅನಿಮೋನಿನಿಂದ ಕೆಲವು ಮೀಟರ್ ದೂರ ಹೋದರೂ ಅದು ದೊಡ್ಡ ಮೀನುಗಳಿಗೆ ಸುಲಭದ ತುತ್ತು. ಮೊಟ್ಟೆಗಳನ್ನು ಕಾಯುವವನು ತಂದೆ ಎಂಬುದೂ ನಿಜ. ಅನಿಮೋನಿನ ಬುಡದ ಬಳಿ ಬಂಡೆಗೆ ಅಂಟಿಸಿದ ಮೊಟ್ಟೆಗಳಿಗೆ ಗಂಡು ಮೀನು ರೆಕ್ಕೆಯಿಂದ ನೀರು ಬೀಸುತ್ತ, ಕೆಟ್ಟ ಮೊಟ್ಟೆಗಳನ್ನು ಆಯ್ದು ತೆಗೆಯುತ್ತ ಸುಮಾರು ಒಂದು ವಾರ ಕಾವಲಿರುತ್ತದೆ.

ಇನ್ನು ಚಿತ್ರ ಬದಲಿಸಿದ ಸಂಗತಿಗಳು. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಮಾತ್ರ ಹೆಣ್ಣು. ಹೆಣ್ಣು ಸತ್ತರೆ ಅದರ ಜೊತೆಗಾರನೇ ಲಿಂಗ ಬದಲಿಸಿ ಹೆಣ್ಣಾಗುತ್ತದೆ. ತಾಯಿ ಕೋರಲ್ ಬರ‍್ರಾಕುಡಾ ಮೀನಿಗೆ ಬಲಿಯಾದ ಮೇಲೆ ಮಾರ್ಲಿನ್ ತಂದೆಯಾಗಿ ಉಳಿಯದೆ ಹೆಣ್ಣಾಗಬೇಕಿತ್ತು! ಮೊಟ್ಟೆಯೊಡೆದ ಮರಿಗಳೂ ಅಪ್ಪನ ಜೊತೆ ಇರುವುದಿಲ್ಲ. ಹತ್ತು ಹನ್ನೆರಡು ದಿನ ತೆರೆದ ಕಡಲಿನಲ್ಲಿ ತೇಲಿ, ಬಳಿಕ ಯಾವುದೋ ಅನಿಮೋನನ್ನು ಸೇರುತ್ತವೆ. ಮೀನುಗಳು ಮಾತನಾಡುವುದನ್ನು ಒಪ್ಪಿಕೊಂಡ ನಾವು ಕಥೆಗೆ ಇಷ್ಟು ಸ್ವಾತಂತ್ರ್ಯ ಕೊಡಲೇಬೇಕು. ಇದನ್ನು ದೋಷವೆನ್ನಲಾಗದು.

ಪಾತ್ರವಿಲ್ಲದ ಪ್ರಾಣಿ

ನಿಜವಾದ ಕೊರತೆ ಬೇರೆ ಕಡೆ ಇದೆ. ಚಿತ್ರದಲ್ಲಿ ಆಮೆಗೆ ಮಾತಿದೆ, ಶಾರ್ಕ್‌ಗೆ ಮಾತಿದೆ, ಏಡಿಗೂ ಪೆಲಿಕನ್ ಹಕ್ಕಿಗೂ ಸೀಗಡಿಗೂ ಕಡಲನಕ್ಷತ್ರಕ್ಕೂ ಮಾತಿದೆ. ಕಥೆ ಎಲ್ಲಿಂದ ಹೊರಡುತ್ತದೆಯೋ ಎಲ್ಲಿಗೆ ಮರಳುತ್ತದೆಯೋ ಆ ಅನಿಮೋನಿಗೆ ಮಾತ್ರ ಪಾತ್ರವಿಲ್ಲ. ಅದರ ಪಾಲಿಗೆ ಬಂದಿರುವುದು ಒಂದೇ ನಗೆಚಟಾಕಿ: ಅದರ ಹೆಸರು ನೀಮೊನ ನಾಲಿಗೆಗೆ ಹೊರಳದು. ಉಳಿದಂತೆ ಅದು ಮೆತ್ತನೆಯ ಹಾಸಿಗೆ, ಬಾಗಿಲಿಲ್ಲದ ಮನೆ.

ವಾಸ್ತವದಲ್ಲಿ ಅನಿಮೋನ್ ಹವಳ, ಅಂಬಲಿ ಮೀನು, ಹೈಡ್ರಾಗಳ ಬಳಗಕ್ಕೆ ಸೇರಿದ ಅಕಶೇರುಕ ಪ್ರಾಣಿ. ಬುಡದಲ್ಲಿ ಬಂಡೆ ಹಿಡಿಯುವ ಪಾದ, ಮೇಲೆ ಬಾಯಿ, ಬಾಯಿಯ ಸುತ್ತ ಸ್ಪರ್ಶಾಂಗಗಳು. ಅವುಗಳಲ್ಲಿರುವ ಕುಟುಕುಕೋಶಗಳಿಂದ ಸಣ್ಣ ಮೀನು, ಸೀಗಡಿಗಳನ್ನು ಹಿಡಿದು ತಿನ್ನುತ್ತದೆ. ಕ್ಲೌನ್ ಮೀನಿಗೆ ಆಸರೆ ಕೊಡುವ ಉಷ್ಣವಲಯದ ಅನಿಮೋನ್‌ಗಳ ಅಂಗಾಂಶದಲ್ಲಿ ಏಕಕೋಶ ಶೈವಲಗಳೂ ವಾಸಿಸುತ್ತವೆ. ಇವು ದ್ಯುತಿಸಂಶ್ಲೇಷಣೆಯಿಂದ ತಯಾರಿಸುವ ಆಹಾರದ ಬಹುಪಾಲು ಅನಿಮೋನಿಗೆ ಸಂದಾಯವಾಗುತ್ತದೆ. ಹೀಗಾಗಿ ಅದು ಬೇಟೆಗಾರನೂ ಹೌದು, ಬಿಸಿಲುಂಡು ಬದುಕುವ ಜೀವಿಯೂ ಹೌದು.

ಲೋಕದಲ್ಲಿ ಅನಿಮೋನ್ ಪ್ರಭೇದಗಳು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಕ್ಲೌನ್ ಮೀನುಗಳಿಗೆ ಆಸರೆಯಾಗುವಂಥವು ಸುಮಾರು ಹತ್ತು ಮಾತ್ರ. ಆ ಹತ್ತನ್ನು ಸುಮಾರು 30 ಪ್ರಭೇದದ ಕ್ಲೌನ್ ಮೀನುಗಳು ಹಂಚಿಕೊಂಡಿವೆ.

ಅನಿಮೋನ್‌ಗಳ ಆಯುಸ್ಸೂ ದೊಡ್ಡದು. ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯೆಲ್ 1828ರಲ್ಲಿ ಕಡಲ ದಂಡೆಯಿಂದ ತಂದು ಗಾಜಿನ ಜಾಡಿಯಲ್ಲಿಟ್ಟ ಒಂದು ಅನಿಮೋನ್ 1887ರವರೆಗೆ ಬದುಕಿತ್ತು. ತಂದವರು ತೀರಿಕೊಂಡ ಮೇಲೂ ಅದು ಕೈಯಿಂದ ಕೈಗೆ ಸಾಗಿ, 'ಗ್ರಾನಿ' ಅರ್ಥಾತ್ ಅಜ್ಜಿ ಎಂದು ಎಡಿನ್‌ಬರೋದಲ್ಲಿ ಹೆಸರಾಯಿತು. ಅದು ತಣ್ಣೀರಿನ ಪ್ರಭೇದ. ಅದರ ಮೈಯಲ್ಲಿ ಶೈವಲವಿರಲಿಲ್ಲ. ಆದ್ದರಿಂದ ಕಾಲಕಾಲಕ್ಕೆ ಕಡಲ ನೀರು ಬದಲಿಸಿದರೆ ಜಾಡಿಯೇ ಸಾಕಾಗಿತ್ತು. ಬೆಳಕನ್ನೇ ನೆಚ್ಚಿದ ಉಷ್ಣವಲಯದ ಅನಿಮೋನ್‌ಗಳನ್ನು ಅಷ್ಟು ಸುಲಭವಾಗಿ ಸಾಕಲಾಗದು. ಐವತ್ತೊಂಬತ್ತು ವರ್ಷ ಜಾಡಿಯಲ್ಲಿ ಬದುಕಿದ ಈ ಅಜ್ಜಿಯನ್ನು ನೆನೆದರೆ, ಅಕ್ವೇರಿಯಂನಲ್ಲಿ ಕೆಲವೇ ತಿಂಗಳಲ್ಲಿ ಕರಗಿ ಸಾಯುವ ಅನಿಮೋನ್ ಸಹಜ ಸಾವು ಸಾಯುತ್ತಿಲ್ಲ ಎಂಬುದು ಮನವರಿಕೆಯಾಗುತ್ತದೆ.

ಪಠ್ಯದಲ್ಲಿಯೂ ಅದೇ ಕಥೆ

ಅನಿಮೋನನ್ನು ಬರಿಯ ಮನೆಯೆಂದು ಕಾಣುವ ತಪ್ಪನ್ನು ಸಿನಿಮಾದ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಜೀವವಿಜ್ಞಾನ ಪಠ್ಯ ಈ ಜೋಡಿಯನ್ನು ಸಹಭೋಜಿತ್ವಕ್ಕೆ ಉದಾಹರಣೆಯಾಗಿ ಕೊಡುತ್ತ ಬಂದಿದೆ. ಅಂದರೆ ಮೀನಿಗೆ ಲಾಭ, ಅನಿಮೋನಿಗೆ ಲಾಭವೇನೂ ಕಾಣದು ಎಂಬ ಲೆಕ್ಕ. ನಮ್ಮ ಪಿಯು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುವುದೂ ಇದನ್ನೇ.

ಈ ಲೆಕ್ಕ ಈಗ ನಿಲ್ಲುವುದಿಲ್ಲ. ಕೆಂಪು ಸಮುದ್ರದ ಅಕಾಬಾ ಕೊಲ್ಲಿಯಲ್ಲಿ ಸಂಶೋಧಕರು ಕೆಲವು ಅನಿಮೋನ್‌ಗಳಿಂದ ಕ್ಲೌನ್ ಮೀನುಗಳನ್ನು ತೆಗೆದು ನೋಡಿದರು. ಕಾವಲಿಲ್ಲದ ಅನಿಮೋನ್‌ಗಳ ಮೇಲೆ ಚಿಟ್ಟೆ ಮೀನುಗಳು ಎರಗಿದವು. ಅನಿಮೋನ್‌ಗಳು ಅರಳದೆ ಮುದುಡಿಕೊಂಡವು. ಮೀನು ಕಿವಿರುಗಳ ಮೂಲಕ ಹೊರಬಿಡುವ ಅಮೋನಿಯ ಅನಿಮೋನಿನೊಳಗಿನ ಶೈವಲಗಳಿಗೆ ಗೊಬ್ಬರವಾಗುತ್ತದೆ. ಇರುಳಿನಲ್ಲಿ ಸ್ಪರ್ಶಾಂಗಗಳ ನಡುವೆ ಮೀನು ಮಿಸುಕಾಡುವುದರಿಂದ ನೀರು ಕದಡಿ ಅನಿಮೋನಿಗೆ ಹೆಚ್ಚು ಆಮ್ಲಜನಕ ಸಿಗುತ್ತದೆ ಎಂಬುದು 2013ರಲ್ಲಿ ಪ್ರಕಟವಾದ ಪ್ರಯೋಗಗಳ ಫಲಿತಾಂಶ. ಇದು ಎರಡಕ್ಕೂ ಲಾಭವಿರುವ ಸಹಜೀವನ. ಮನೆಯೇ ಬಾಡಿಗೆ ವಸೂಲಿ ಮಾಡುತ್ತಿದೆ ಎನ್ನಬಹುದು!

ತೊಟ್ಟಿಯಲ್ಲಿ ಲೆಕ್ಕ ಬದಲಾಗುತ್ತದೆ

ಕಡಲಿನಲ್ಲಿ ಇಷ್ಟು ಬಿಗಿಯಾದ ಸಂಬಂಧ ಅಕ್ವೇರಿಯಂನಲ್ಲಿ ಸಡಿಲಗೊಳ್ಳುತ್ತದೆ. ಕಡಲಿನಲ್ಲಿ ಅನಿಮೋನ್ ಇಲ್ಲದೆ ಕ್ಲೌನ್ ಮೀನು ಉಳಿಯದು, ಏಕೆಂದರೆ ಅಲ್ಲಿ ಶತ್ರುಗಳಿದ್ದಾರೆ. ತೊಟ್ಟಿಯಲ್ಲಿ ಶತ್ರುಗಳಿಲ್ಲ, ಆದ್ದರಿಂದ ಅನಿಮೋನ್ ಇಲ್ಲದೆಯೇ ಅದು ಹಲವಾರು ವರ್ಷ ಆರೋಗ್ಯವಾಗಿ ಬದುಕುತ್ತದೆ, ಜೋಡಿ ಕಟ್ಟುತ್ತದೆ. ಹ್ಯಾಚರಿಗಳಲ್ಲಿ ಮಣ್ಣಿನ ಕುಂಡಕ್ಕೋ ಹೆಂಚಿಗೋ ಮೊಟ್ಟೆ ಅಂಟಿಸುತ್ತದೆ. ಹ್ಯಾಚರಿಯ ಮರಿಗಳು ಎಷ್ಟೋ ಬಾರಿ ಅನಿಮೋನನ್ನು ಕಂಡೇ ಇರುವುದಿಲ್ಲ. 'ಅನಿವಾರ್ಯ' ಎಂಬ ಮಾತು ಜೀವಿಯ ಗುಣವನ್ನಷ್ಟೇ ಸೂಚಿಸುವುದಿಲ್ಲ, ಪರಿಸರವನ್ನೂ ಸೂಚಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಈ ಸತ್ಯವನ್ನು ಚಿತ್ರವೇ ತನಗರಿವಿಲ್ಲದೆ ತೋರಿಸಿದೆ. ಸಿಡ್ನಿಯ ದಂತವೈದ್ಯರ ತೊಟ್ಟಿಯಲ್ಲಿ ನೀಮೊ ಸೆರೆಯಾದಾಗ ಅಲ್ಲಿ ಆಟಿಕೆಯ ಜ್ವಾಲಾಮುಖಿಯಿದೆ, ಅಲಂಕಾರದ ಸಾಮಾನುಗಳಿವೆ. ಅವನು ಹಂಬಲಿಸುವುದು ಅಪ್ಪನಿಗಾಗಿ. ಅನಿಮೋನ್ ಇಲ್ಲವೆಂದು ಅವನು ಕೊರಗುವುದಿಲ್ಲ.

ಹಾಗಾದರೆ ಅನಿಮೋನನ್ನು ತರುವುದು ಯಾರಿಗಾಗಿ? ಮೀನಿಗಾಗಿ ಅಲ್ಲ, ನಮ್ಮ ಕಣ್ಣಿಗಾಗಿ. ಇದನ್ನು ಒಪ್ಪಿಕೊಂಡರೆ ಉಳಿದ ಪ್ರಶ್ನೆಗಳು ತಾವಾಗಿ ಸ್ಪಷ್ಟವಾಗುತ್ತವೆ.

ಅನಿಮೋನಿನ ಬೇಡಿಕೆಗಳು ಮೀನಿನ ಬೇಡಿಕೆಗಳಿಗಿಂತ ಹೆಚ್ಚು. ಅದಕ್ಕೆ ಪ್ರಖರವಾದ, ಹವಳಕ್ಕೆ ತಕ್ಕ ಬೆಳಕು ಬೇಕು. ನೀರಿನ ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್, ಲವಣಾಂಶ ಲೀಟರಿಗೆ ಸುಮಾರು 35 ಗ್ರಾಂ ಇದ್ದು, ಎರಡೂ ಏರುಪೇರಾಗದೆ ಉಳಿಯಬೇಕು. ಹೊಸ ತೊಟ್ಟಿಯಲ್ಲಿ ಈ ಸ್ಥಿರತೆ ಬರುವುದಿಲ್ಲ. ಆರು ತಿಂಗಳಿಂದ ಒಂದು ವರ್ಷ ಕಾಯಬೇಕೆಂಬುದು ಅನುಭವಸ್ಥರ ಸಲಹೆ. ಮೀನುಗಳ ಪರೋಪಜೀವಿ ರೋಗಕ್ಕೆ ಹಾಕುವ ತಾಮ್ರದ ಔಷಧ ಅನಿಮೋನಿಗೆ ವಿಷ. ರಜೆಯಲ್ಲಿ ಬೀಗ ಬೀಳುವ, ವಿದ್ಯುತ್ ಹೋದರೆ ಪಂಪು ನಿಲ್ಲುವ ಶಾಲೆಯ ಪ್ರಯೋಗಾಲಯದಲ್ಲಿ ಇವನ್ನೆಲ್ಲ ನಿಭಾಯಿಸುವುದು ಕಷ್ಟ.

ಅನಿಮೋನ್ ನಾವಿಟ್ಟ ಕಡೆ ಕೂರುವುದೂ ಇಲ್ಲ. ಬೆಳಕು, ನೀರಿನ ಹರಿವು ಹಿಡಿಸದಿದ್ದರೆ ಪಾದ ಬಿಡಿಸಿಕೊಂಡು ತೆವಳುತ್ತದೆ. ದಾರಿಯಲ್ಲಿ ಸಿಕ್ಕ ಹವಳಗಳನ್ನು ಕುಟುಕುತ್ತದೆ. ಜಾಲರಿಯಿಲ್ಲದ ಪಂಪಿನ ಬಾಯಿಗೆ ಸಿಕ್ಕರೆ ಅದು ಚೂರುಚೂರು. ಸತ್ತ ಅನಿಮೋನ್ ಬೇಗ ಕೊಳೆತು ಇಡೀ ತೊಟ್ಟಿಯ ನೀರನ್ನು ಕೆಡಿಸುತ್ತದೆ. ಯಾರ ಸುಖಕ್ಕೆಂದು ಅದನ್ನು ತಂದೆವೋ ಆ ಮೀನಿಗೇ ಕುತ್ತು ಬರುತ್ತದೆ.

ಜೋಡಿ ಕೂಡುವುದೂ ಖಚಿತವಲ್ಲ. ಪೇಟೆಯಲ್ಲಿ ನೀಮೊ ಎಂದು ಮಾರುವ ಆಂಫಿಪ್ರಿಯಾನ್ ಒಸೆಲ್ಲಾರಿಸ್ ಮೀನು ಕಡಲಿನಲ್ಲಿ ಮೂರು ಪ್ರಭೇದದ ಅನಿಮೋನ್‌ಗಳಲ್ಲಿ ಮಾತ್ರ ವಾಸಿಸುತ್ತದೆ. ಮೂರೂ ದೊಡ್ಡವು, ಸಾಕಲು ಕಠಿಣ. ಅವುಗಳಲ್ಲೊಂದು ಒಂದು ಮೀಟರಿಗೂ ಹೆಚ್ಚು ಅಗಲ ಹರಡಬಲ್ಲದು. ತೊಟ್ಟಿಗೆ ಒಗ್ಗುವ ಪ್ರಭೇದವೆಂದರೆ ಸ್ಪರ್ಶಾಂಗಗಳ ತುದಿ ಗುಳ್ಳೆಯಂತೆ ಉಬ್ಬುವ ಎಂಟಕ್ಮಿಯ ಕ್ವಾಡ್ರಿಕಲರ್. ಇದು ಕಡಲಿನಲ್ಲಿ ಒಸೆಲ್ಲಾರಿಸ್‌ನ ಆಸರೆಯಲ್ಲ. ತೊಟ್ಟಿಯಲ್ಲಿ ಮೀನು ಅದನ್ನು ಒಪ್ಪಿಕೊಂಡರೂ ಒಪ್ಪಿಕೊಳ್ಳಬಹುದು, ಪಕ್ಕದ ಮೆದು ಹವಳಕ್ಕೆ ಮೈಯೊರಗಿಸಿ ಇದನ್ನು ಕಡೆಗಣಿಸಲೂಬಹುದು.

ಎಲ್ಲಿಂದ ತಂದದ್ದು?

ಮೀನಿಗೂ ಅನಿಮೋನಿಗೂ ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಕ್ಲೌನ್ ಮೀನುಗಳನ್ನು ಹ್ಯಾಚರಿಯಲ್ಲಿ ಬೆಳೆಸುವ ತಂತ್ರ ಈಗ ಹಳೆಯದು. ನಮ್ಮಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೂ ಅದನ್ನು ಸಾಧಿಸಿದೆ. ಅನಿಮೋನ್‌ಗಳಲ್ಲಿ ಬಹುಪಾಲು ಪ್ರಭೇದಗಳು ಮಾರುಕಟ್ಟೆಗೆ ಬರುವುದು ಕಡಲಿನಿಂದಲೇ. ಫಿಲಿಪ್ಪೀನ್ಸ್‌ನ ಸೆಬು ಪ್ರದೇಶದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ, ಸಂಗ್ರಹ ನಡೆಯುವ ದಿಬ್ಬಗಳಲ್ಲಿ ಅನಿಮೋನ್ ಮತ್ತು ಕ್ಲೌನ್ ಮೀನು ಎರಡೂ ಗಣನೀಯವಾಗಿ ಕಡಿಮೆಯಿರುವುದನ್ನು ತೋರಿಸಿತು. ಒಂದು ಅನಿಮೋನನ್ನು ಕಿತ್ತರೆ ಒಂದು ಪ್ರಾಣಿಯಷ್ಟೇ ಹೋಗುವುದಿಲ್ಲ. ಅಲ್ಲಿನ ಮೀನು ಕುಟುಂಬದ ನೆಲೆ ತಪ್ಪುತ್ತದೆ, ತೇಲಿಬರುವ ಮರಿಗಳಿಗೆ ಸೇರುವ ಜಾಗವೂ ಇಲ್ಲವಾಗುತ್ತದೆ. ಕಡಲು ಬಿಸಿಯಾದಾಗ ಹವಳದಂತೆ ಅನಿಮೋನೂ ಶೈವಲ ಕಳೆದುಕೊಂಡು ಬಿಳಿಚುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿ ನೋಡಬೇಕು.

ಇಲ್ಲಿ ಚಿತ್ರದ ಬಗ್ಗೆ ನ್ಯಾಯವಾಗಿ ಒಂದು ಮಾತು. ಇಂಥ ಚಿತ್ರಗಳಿಂದಾಗಿಯೇ ಕಡಲಿನ ಮೀನುಗಳಿಗೆ ಬೇಡಿಕೆ ನುಗ್ಗಿತು ಎಂಬ ಆರೋಪ ಪದೇ ಪದೇ ಕೇಳಿಬರುತ್ತದೆ. ಇದರ ಮುಂದಿನ ಭಾಗವಾದ 'ಫೈಂಡಿಂಗ್ ಡೋರಿ' (2016) ಕುರಿತು ಡಿಯೋಗೊ ವೆರಿಸ್ಸಿಮೊ ಮತ್ತು ಸಂಗಡಿಗರು ಅಂಕಿಅಂಶ ಪರಿಶೀಲಿಸಿದಾಗ, ಚಿತ್ರ ಬಂದ ಬಳಿಕ ಆ ಮೀನಿನ ಬಗ್ಗೆ ಅಂತರ್ಜಾಲದಲ್ಲಿ ಹುಡುಕುವವರು ಹೆಚ್ಚಿದ್ದರು, ಆದರೆ ಅಮೆರಿಕದ ಆಮದು ಹೆಚ್ಚಿರಲಿಲ್ಲ. ಆದ್ದರಿಂದ ನಮ್ಮ ಆಕ್ಷೇಪಣೆ ಚಿತ್ರ ಮೀನುಗಳನ್ನು ಕೊಂದಿತು ಎಂಬುದಲ್ಲ. ಕೋಟ್ಯಂತರ ಮಕ್ಕಳಿಗೆ ಅನಿಮೋನನ್ನು ತೋರಿಸಿಯೂ ಅದು ಜೀವಂತ ಪ್ರಾಣಿ ಎಂಬುದನ್ನು ಚಿತ್ರ ತೋರಿಸಲಿಲ್ಲ ಎಂಬುದಷ್ಟೇ.

ತೀರ್ಮಾನ

ಕ್ಲೌನ್ ಮೀನಿಗಾಗಿ ಅನಿಮೋನ್ ಸೇರಿಸಬೇಕೆ? ಮೀನಿಗಾಗಿ ಬೇಡ. ಅನಿಮೋನನ್ನೇ ಸಾಕುವ ಆಸೆಯಿದ್ದರೆ, ತೊಟ್ಟಿಗೆ ವರ್ಷ ತುಂಬಿದ್ದರೆ, ಬೆಳಕು ಸಾಕಷ್ಟಿದ್ದರೆ, ಪಂಪುಗಳಿಗೆ ಜಾಲರಿ ಕಟ್ಟಿದ್ದರೆ, ರಜೆಯಲ್ಲೂ ನೋಡಿಕೊಳ್ಳುವವರಿದ್ದರೆ ಯೋಚಿಸಬಹುದು. ಆಗಲೂ ಕಡಲಿನಿಂದ ಕಿತ್ತು ತಂದದ್ದು ಬೇಡ. ಎಂಟಕ್ಮಿಯ ತಾನಾಗಿ ಇಬ್ಭಾಗವಾಗಿ ಎರಡಾಗುವ ಪ್ರಾಣಿ. ಇನ್ನೊಬ್ಬರ ತೊಟ್ಟಿಯಲ್ಲಿ ಹೀಗೆ ಒಡೆದು ಬೆಳೆದ ಮರಿ ಸಿಕ್ಕರೆ ಅದನ್ನು ಆರಿಸಬೇಕು. ಹಾಲುಬಿಳಿಯಾಗಿ ಸುಂದರವಾಗಿ ಕಾಣುವ ಅನಿಮೋನನ್ನು ಮಾತ್ರ ಕೊಳ್ಳಬಾರದು. ಆ ಬಿಳುಪು ಶೈವಲ ಕಳೆದುಕೊಂಡು ಹಸಿದಿರುವುದರ ಗುರುತು. ಮೇಲಿನ ಷರತ್ತುಗಳಲ್ಲಿ ಒಂದು ತಪ್ಪಿದರೂ ಮೀನಿಗೆ ಒಂದು ಮಣ್ಣಿನ ಕುಂಡ ಸಾಕು.

ಶಿಕ್ಷಕರಿಗೆ ಒಂದು ಸೂಚನೆ. ತರಗತಿಯಲ್ಲಿ ಈ ಚಿತ್ರವನ್ನು ಖಂಡಿತ ತೋರಿಸಿ. ತೋರಿಸಿದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡಿ: ಅದೇ ಕಥೆಯನ್ನು ಅನಿಮೋನ್ ಹೇಳುವಂತೆ ಬರೆಯಲಿ. ಕೋರಲ್ ಸತ್ತ ದಿನ, ಮಾರ್ಲಿನ್ ಮಗನನ್ನು ಹುಡುಕುತ್ತ ಮನೆ ತೊರೆದ ದಿನ ಅದಕ್ಕೆ ಏನಾಯಿತು? ಕಾವಲಿಲ್ಲದ ಅಷ್ಟು ದಿನ ಅದರ ಮೇಲೆ ಎರಗಿದವರು ಯಾರು? ಗೊಬ್ಬರ ಕೊಟ್ಟವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ವಿದ್ಯಾರ್ಥಿ ಅಂಗಡಿಯ ತೊಟ್ಟಿಯ ಮುಂದೆ ನಿಂತಾಗ 'ನೀಮೊಗೆ ಮನೆ ಬೇಡವೆ' ಎಂದು ಕೇಳುವುದಿಲ್ಲ. 'ಈ ಪ್ರಾಣಿಗೆ ಏನೇನು ಬೇಕು' ಎಂದು ಕೇಳುತ್ತಾನೆ.