ಉದ್ದೇಶಕ್ಕೆ ಮೊದಲು ಭರವಸೆ: ಖಿನ್ನತೆಯ ಕುರಿತ ನಮ್ಮ ಪ್ರಬೋಧನೆಯ ಒಂದು ವಿಮರ್ಶೆ

ಬೆಂಗಳೂರಿನ ಹೊರವಲಯದ ಧರ್ಮಕೇಂದ್ರಗಳಲ್ಲಿ ಒಂದು ಬಗೆಯ ಪ್ರಬೋಧನೆ ಪದೇ ಪದೇ ಕೇಳಿಬರುತ್ತದೆ. ದೇವರು ಪ್ರತಿಯೊಬ್ಬರ ಬದುಕಿಗೂ ಒಂದು ಉದ್ದೇಶವನ್ನು ಗೊತ್ತುಮಾಡಿದ್ದಾರೆ. ಅದನ್ನು ಕಂಡುಕೊಂಡವರಿಗೆ ನಿರಾಶೆಯಿಲ್ಲ. ಇನ್ನೂ ಕಂಡುಕೊಳ್ಳದವರು ಹೆಚ್ಚು ವಿಶ್ವಾಸದಿಂದ ಪ್ರಾರ್ಥಿಸಬೇಕು ಎಂಬುದು ಅದರ ಸಾರ. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಖಿನ್ನತೆಯಿಂದ ಬಳಲುವವರ ಕಿವಿಗೆ ಅದು ಬಿದ್ದಾಗ ಏನಾಗುತ್ತದೆ ಎಂಬುದನ್ನು ನಾವು ಸಾಕಷ್ಟು ವಿಚಾರಿಸಿಲ್ಲ.

ನಾನೂ ಇದನ್ನೇ ಬೋಧಿಸಿದವನು. ಕೆಲವು ವರ್ಷಗಳ ಹಿಂದೆ ವೈಟ್‌ಫೀಲ್ಡ್ ಕಡೆಯ ಒಂದು ದೇವಾಲಯದಲ್ಲಿ ಭಾನುವಾರ ಸಂಜೆಯ ಬಲಿಪೂಜೆ ಮುಗಿದ ಮೇಲೆ ಯುವಕರೊಬ್ಬರು ಬಾಗಿಲ ಬಳಿ ನನಗಾಗಿ ಕಾದಿದ್ದರು. "ಫಾದರ್, ಆಫೀಸಿನಲ್ಲಿ ಒಂದು ಟಾರ್ಗೆಟ್ ಇದೆ. ಇವತ್ತು ದೇವರ ಹೆಸರಿನಲ್ಲಿ ನೀವು ಇನ್ನೊಂದು ಟಾರ್ಗೆಟ್ ಕೊಟ್ಟಿರಿ. ನನಗೆ ಬೆಳಿಗ್ಗೆ ಹಾಸಿಗೆಯಿಂದ ಏಳುವುದಕ್ಕೇ ಆಗುತ್ತಿಲ್ಲ" ಎಂದರು. ನನಗೆ ಉತ್ತರ ತೋಚಲಿಲ್ಲ. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ, ಪ್ರಾರ್ಥಿಸುತ್ತೇನೆಂದು ಹೇಳಿ ಕಳುಹಿಸಿದೆ. ಅವರ ಹೆಸರನ್ನೂ ಕೇಳಲಿಲ್ಲ.

ಅಂದು ಕೊಡಲಾಗದ ಉತ್ತರವನ್ನು ಹುಡುಕುವ ಪ್ರಯತ್ನ ಈ ಲೇಖನ. ಇದರ ವಾದ ಇಷ್ಟೇ: ಖಿನ್ನತೆಯಲ್ಲಿರುವವರಿಂದ ಬದುಕಿನ ಉದ್ದೇಶವನ್ನು ಕೇಳುವುದು ಕ್ರಮ ತಪ್ಪಿದ ಬೋಧನೆ. ಪವಿತ್ರ ಗ್ರಂಥದಲ್ಲಿಯೂ ಧರ್ಮಸಭೆಯ ಪರಂಪರೆಯಲ್ಲಿಯೂ ಭರವಸೆ ಮೊದಲು, ಉದ್ದೇಶ ಆಮೇಲೆ. ಆ ಭರವಸೆಯನ್ನು ರೋಗಿಯು ತಾನೇ ಹುಟ್ಟಿಸಿಕೊಳ್ಳಬೇಕಾಗಿಲ್ಲ. ಅವರ ಪರವಾಗಿ ಅದನ್ನು ಹಿಡಿದುಕೊಳ್ಳುವುದು ವಿಶ್ವಾಸಿ ಸಮುದಾಯದ ಕೆಲಸ.

1. ನಮ್ಮ ಸುತ್ತಲಿನ ಭಾಷೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಮೂರೂ ಒಂದೇ ತೆರನಾದ ಊರುಗಳಲ್ಲ. 1882ರಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತಾಗಿ ಆರಂಭವಾದ ವೈಟ್‌ಫೀಲ್ಡ್ ಇಂದು ತಂತ್ರಾಂಶ ಕಂಪನಿಗಳ ನಗರಿ. ಕಿಯೋನಿಕ್ಸ್ ಸಂಸ್ಥೆಯು 1970ರ ದಶಕದ ಕೊನೆಯಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಪಿ.ಜಿ. ವಸತಿಗಳ ಸಾಲೇ ಬೆಳೆದಿದೆ. ಪೀಣ್ಯದಲ್ಲಿ ಲೇತು, ಪ್ರೆಸ್ಸು, ಗಾರ್ಮೆಂಟ್ಸ್ ಮತ್ತು ಗುತ್ತಿಗೆ ಕೆಲಸ. ಆದರೂ ಮೂರು ಕಡೆಗಳಲ್ಲಿಯೂ ಮನುಷ್ಯನನ್ನು ಅಳೆಯುವ ಕೋಲು ಒಂದೇ. ಒಂದೆಡೆ ಗಂಟೆಗೆ ಇಷ್ಟು ಪೀಸು, ಇನ್ನೊಂದೆಡೆ ತ್ರೈಮಾಸಿಕಕ್ಕೆ ಇಷ್ಟು ಟಾರ್ಗೆಟ್. ಪ್ರಾಜೆಕ್ಟ್ ಇಲ್ಲದ ತಂತ್ರಜ್ಞರನ್ನು "ಬೆಂಚ್ ಮೇಲಿದ್ದಾರೆ" ಎನ್ನುತ್ತಾರೆ. ಬೆಂಚ್ ಮೇಲೆ ಹೆಚ್ಚು ದಿನ ಕುಳಿತವರು ಕೆಲಸ ಹೋಗುವ ಭಯದಲ್ಲಿಯೇ ನಿದ್ದೆ ಕಳೆದುಕೊಳ್ಳುತ್ತಾರೆ. ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಸಲಹೆ 2023ರಲ್ಲಿ ಈ ನಗರದ ಉದ್ಯಮ ವಲಯದಿಂದಲೇ ಬಂದು ದೇಶವೆಲ್ಲ ಚರ್ಚೆಯಾದದ್ದು ನಮಗೆ ನೆನಪಿದೆ.

ಇಂಥ ಕಡೆಯಲ್ಲಿ 'ಉದ್ದೇಶ' ಎಂಬ ಪದವನ್ನು ಪ್ರಬೋಧನಾ ಪೀಠದಿಂದ ಆಡಿದರೆ ಅದು ನಾವು ಬಯಸಿದ ಅರ್ಥದಲ್ಲಿ ತಲುಪುವುದಿಲ್ಲ. ಕೇಳುವವರಿಗೆ ಅದು ದೇವರೂ ನಡೆಸುವ ಒಂದು ಅಪ್ರೈಸಲ್. ಈ ಬಗೆಯ ಬೋಧನೆಗೆ ಬಹಳಷ್ಟು ಸಾಮಗ್ರಿ ಒದಗಿದ್ದು 2002ರಲ್ಲಿ ಪ್ರಕಟವಾದ ರಿಕ್ ವಾರನ್ ಅವರ 'ದ ಪರ್ಪಸ್ ಡ್ರಿವನ್ ಲೈಫ್' ಮತ್ತು ಅದನ್ನು ಅನುಸರಿಸಿದ ಸಾಹಿತ್ಯದಿಂದ. ಲೇಖಕರ ವಿಷಯದಲ್ಲಿ ನಾವು ನ್ಯಾಯವಾಗಿರಬೇಕು. ದೀರ್ಘಕಾಲ ಮಾನಸಿಕ ಕಾಯಿಲೆಯಿಂದ ಬಳಲಿದ ಮಗನನ್ನು 2013ರಲ್ಲಿ ಕಳೆದುಕೊಂಡ ಅವರು, ಮರುವರ್ಷ ಕ್ಯಾಲಿಫೋರ್ನಿಯದ ಆರೆಂಜ್ ಕಥೋಲಿಕ ಧರ್ಮಕ್ಷೇತ್ರದ ಜೊತೆ ಸೇರಿ ಮಾನಸಿಕ ಆರೋಗ್ಯ ಮತ್ತು ಧರ್ಮಸಭೆಯ ಕುರಿತು ಸಮಾವೇಶವನ್ನೇ ನಡೆಸಿದರು. ಪುಸ್ತಕ ನಮ್ಮಲ್ಲಿಗೆ ಬಂದಿತು. ಲೇಖಕರು ಆಮೇಲೆ ನಡೆದ ದಾರಿ ಬರಲಿಲ್ಲ.

2. ಯಾತನೆಯ ಅರ್ಥ: 1984ರ ಪತ್ರವನ್ನು ಓದುವ ಬಗೆ

ಕಥೋಲಿಕ ಯಾಜಕರಾದ ನಾವು ಆಶ್ರಯಿಸುವ ಪಠ್ಯ ಬೇರೆ. ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1984ರ ಫೆಬ್ರವರಿ 11ರಂದು ಹೊರಡಿಸಿದ 'ಸಾಲ್ವಿಫಿಚಿ ದೊಲೋರಿಸ್' ಎಂಬ ಪ್ರೇಷಿತ ಪತ್ರ ಯಾತನೆಯ ಕ್ರೈಸ್ತ ಅರ್ಥವನ್ನು ಕುರಿತದ್ದು. ಗುಂಡೇಟಿನಿಂದ ಬದುಕುಳಿದು ಮೂರು ವರ್ಷವೂ ತುಂಬದಿದ್ದಾಗ ಬರೆದ ಈ ಪತ್ರಕ್ಕೆ ಅನುಭವದ ತೂಕವಿದೆ. ಯಾತನೆಯೆಲ್ಲ ಪಾಪದ ಶಿಕ್ಷೆ ಎಂಬ ವಾದವನ್ನು ಯೋಬನ ಗ್ರಂಥದ ಆಧಾರದಿಂದ ಅದು ತಿರಸ್ಕರಿಸುತ್ತದೆ. ದೇಹದ ನೋವಿನ ಪಕ್ಕದಲ್ಲಿಯೇ ಆತ್ಮದ ನೋವಿಗೂ ಸ್ಥಾನ ಕೊಡುತ್ತದೆ.

ಆದರೆ ಪತ್ರದ ನಡುಭಾಗದಲ್ಲಿ ಒಂದು ಪೂರ್ವಗ್ರಹಿಕೆಯಿದೆ. ಬಳಲುವವನು 'ಏಕೆ' ಎಂದು ಕೇಳುತ್ತಾನೆ, ಕ್ರಿಸ್ತರು ಶಿಲುಬೆಯಿಂದ ಉತ್ತರಿಸುತ್ತಾರೆ, ನಿಧಾನವಾಗಿ ಅವನು ಅರ್ಥವನ್ನು ಕಂಡುಕೊಳ್ಳುತ್ತಾನೆ. ಕ್ಯಾನ್ಸರ್ ಪೀಡಿತರಲ್ಲಿ, ಸೆರೆಯಾದವರಲ್ಲಿ ಇದು ನಿಜವಾಗುವುದನ್ನು ನಾವು ಕಂಡಿದ್ದೇವೆ. ಖಿನ್ನತೆ ಕಸಿದುಕೊಳ್ಳುವುದು ಮಾತ್ರ ಕೇಳುವ ಮತ್ತು ಕಂಡುಕೊಳ್ಳುವ ಆ ಶಕ್ತಿಯನ್ನೇ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ನಿದ್ದೆ ಹಸಿವುಗಳು ಕೆಡುವುದು, ಗಮನ ನಿಲ್ಲದಿರುವುದು, ಕಾರಣವಿಲ್ಲದ ಅಪರಾಧಭಾವ, ತಾನು ಯಾರಿಗೂ ಬೇಡವೆಂಬ ಭಾವನೆ ಇವು ವೈದ್ಯರು ಹೇಳುವ ಲಕ್ಷಣಗಳು. ಅರ್ಥ ಹುಡುಕುವ ಅಂಗವೇ ಗಾಯಗೊಂಡವರಿಗೆ ಅರ್ಥ ಹುಡುಕೆಂದು ಹೇಳುವುದು, ಕಾಲು ಮುರಿದವರಿಗೆ ಬೆಟ್ಟ ಹತ್ತಿ ಹರಕೆ ತೀರಿಸೆಂದು ಹೇಳಿದಂತೆ. ಆಗದಿದ್ದಾಗ ಮೊದಲೇ ಇದ್ದ ಅಪರಾಧಭಾವಕ್ಕೆ ವಿಶ್ವಾಸಹೀನನೆಂಬ ಹೊಸ ಅಪರಾಧ ಸೇರುತ್ತದೆ.

ಇದೇ ಜಗದ್ಗುರುಗಳು 2003ರ ನವೆಂಬರ್‌ನಲ್ಲಿ ಖಿನ್ನತೆಯನ್ನೇ ಕುರಿತ ಸಮ್ಮೇಳನವೊಂದರಲ್ಲಿ ಮಾತನಾಡಿ, ಖಿನ್ನತೆ ಯಾವಾಗಲೂ ಒಂದು ಆಧ್ಯಾತ್ಮಿಕ ಪರೀಕ್ಷೆಯೂ ಹೌದು ಎಂದರು. ನಮ್ಮ ಕಡೆ ಇದನ್ನು 'ಆಧ್ಯಾತ್ಮಿಕ ಸೋಲು' ಎಂದು ಓದುವ ಅಪಾಯವಿದೆ. ಆ ಭಾಷಣದ ಒತ್ತು ಹಾಗಿಲ್ಲ. ಆರೈಕೆ ಮಾಡುವವರು ರೋಗಿಯು ದೇವರ ಕನಿಕರವನ್ನು ಅನುಭವಿಸುವಂತೆ ಮಾಡಬೇಕು, ಅವರನ್ನು ಬರಮಾಡಿಕೊಳ್ಳುವ ಸಮುದಾಯವಿರಬೇಕು ಎಂಬುದು ಅದರ ಒತ್ತು. 1984ರ ಪತ್ರವೂ ಮುಗಿಯುವುದು ಸದಯ ಸಮಾರಿತನ ಸಾಮತಿಯಲ್ಲಿ. ದಾರಿಯಲ್ಲಿ ಬಿದ್ದಿದ್ದವನು ಅಲ್ಲಿ ಏನನ್ನೂ ಕಂಡುಕೊಳ್ಳುವುದಿಲ್ಲ. ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಖಿನ್ನತೆಯ ಸಂದರ್ಭದಲ್ಲಿ ಈ ಪತ್ರವನ್ನು ಕೊನೆಯಿಂದ ಹಿಂದಕ್ಕೆ ಓದುವುದೇ ಸರಿಯಾದ ಕ್ರಮ.

3. ಕತ್ತಲಲ್ಲಿ ಮುಗಿಯುವ ಕೀರ್ತನೆ

ಪ್ರತಿ ಶುಕ್ರವಾರ ರಾತ್ರಿ ಬ್ರೆವಿಯರಿ ತೆರೆದಾಗ ನಮ್ಮೆದುರು ಬರುವುದು 88ನೆಯ ಕೀರ್ತನೆ. ಪ್ರಲಾಪದ ಕೀರ್ತನೆಗಳಲ್ಲಿ ಸಾಮಾನ್ಯವಾಗಿ ಒಂದು ತಿರುವು ಇರುತ್ತದೆ: 13ನೆಯ ಕೀರ್ತನೆ ಹಾಡಿನಲ್ಲಿ ಮುಗಿಯುತ್ತದೆ, 22ನೆಯದು ಸ್ತುತಿಯಲ್ಲಿ. ಈ ಕೀರ್ತನೆಯಲ್ಲಿ ಆ ತಿರುವು ಇಲ್ಲ. ಕೀರ್ತನೆಕಾರನು ಮೂರು ಸಲ ದೇವರನ್ನು ಕೂಗುತ್ತಾನೆ, ಒಂದು ಸಲವೂ ಉತ್ತರ ಬರುವುದಿಲ್ಲ. ಗೆಳೆಯರು ದೂರವಾದರೆಂಬ ದೂರು ಎರಡು ಸಲ ಬರುತ್ತದೆ. ಹೀಬ್ರೂ ಮೂಲದಲ್ಲಿ ಕೊನೆಯ ಪದವೇ ಕತ್ತಲು.

ಅರ್ಥವಾಗಲಿ ಉದ್ದೇಶವಾಗಲಿ ಇಲ್ಲಿ ಎಲ್ಲಿಯೂ ಸಿಗುವುದಿಲ್ಲ. ಸಿಗುವುದು ಒಂದೇ: ಮೊದಲ ಸಾಲಿನಲ್ಲಿ ದೇವರನ್ನು ರಕ್ಷಕನೆಂದು ಕರೆದ ಆ ಸಂಬೋಧನೆ. ಉಳಿದದ್ದೆಲ್ಲ ದೂರು, ಆದರೆ ಆ ದೂರು ದೇವರಿಗೇ ಸಲ್ಲುತ್ತದೆ. ಸಂಬಂಧ ಕಡಿದಿಲ್ಲ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕೆಂದು ಭಾವಿಸಿಯೇ ಧರ್ಮಸಭೆ ಇದನ್ನು ಪ್ರಾರ್ಥನೆಯೆಂದು ಒಪ್ಪಿಕೊಂಡಿತು, ಕ್ರಿಸ್ತರ ಮರಣದ ವಾರದ ದಿನಕ್ಕೆ ಇಟ್ಟಿತು.

ಇನ್ನೊಂದು ಮಾತನ್ನು ಗಮನಿಸಬೇಕು. ಶುಕ್ರವಾರ ರಾತ್ರಿ ಇದನ್ನು ಹೇಳುವ ಯಾಜಕರಲ್ಲಿ ಅನೇಕರು ಅಂದು ನೆಮ್ಮದಿಯಾಗಿಯೇ ಇರುತ್ತಾರೆ. ಬಾಯಿಗೆ ಬಂದ ಪದಗಳು ತಮ್ಮ ಸ್ಥಿತಿಗೆ ಹೊಂದುವುದಿಲ್ಲವೆಂದು ಬೇಗ ಬೇಗ ಮುಗಿಸುತ್ತೇವೆ. ಆದರೆ ಈ ಪದಗಳು ನಮ್ಮವಲ್ಲದಿರಬಹುದು. ರಾತ್ರಿ ಪಾಳಿಯ ಕ್ಯಾಬಿನಲ್ಲಿ, ಪಿ.ಜಿ.ಯ ಕೋಣೆಯಲ್ಲಿ, ಪ್ರಾರ್ಥಿಸಲಾಗದೆ ಮಲಗಿರುವ ಯಾರದೋ ಪ್ರಾರ್ಥನೆಯನ್ನು ಅವರ ಬದಲಿಗೆ ನಾವು ಹೇಳುತ್ತಿದ್ದೇವೆ.

4. ಎಲೀಯನಿಗೆ ದೊರೆತ ಕ್ರಮ

ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯ ಕ್ರಮದ ಪ್ರಶ್ನೆಯನ್ನು ಸ್ಪಷ್ಟಪಡಿಸುತ್ತದೆ. ಸಾವನ್ನು ಬೇಡಿಕೊಂಡು ಗಿಡದಡಿಯಲ್ಲಿ ಮಲಗಿದ ಪ್ರವಾದಿಗೆ ದೇವದೂತನು ಉಪದೇಶ ಮಾಡುವುದಿಲ್ಲ. ನಿದ್ದೆ, ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ಊಟ. ಆಮೇಲೆ 40 ದಿನಗಳ ದಾರಿ. ಹೋರೇಬಿನಲ್ಲಿ ಅವನು ತನ್ನ ದೂರನ್ನು ಎರಡು ಸಲ ಹೇಳಿಕೊಳ್ಳಲು ಅವಕಾಶ. ಹಜಾಯೇಲ, ಯೇಹು, ಎಲೀಷ ಈ ಮೂವರನ್ನು ಅಭಿಷೇಕಿಸುವ ಹೊಸ ಹೊಣೆ ಬರುವುದು ಇದೆಲ್ಲದರ ಕೊನೆಗೆ. ನಮ್ಮ ಪ್ರಬೋಧನೆ ಆ ಕೊನೆಯ ಹೊಣೆಯನ್ನು ಗಿಡದಡಿಗೇ ತಂದಿಡುತ್ತದೆ.

ಸಂತ ತೋಮಸ್ ಅಕ್ವಿನಾಸರು ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ ಕಣ್ಣೀರು, ಗೆಳೆಯರ ಮರುಕ, ಸತ್ಯದ ಧ್ಯಾನ ಇವುಗಳ ಸಾಲಿನಲ್ಲಿಯೇ ನಿದ್ದೆಯನ್ನೂ ಸ್ನಾನವನ್ನೂ ಸೇರಿಸಿರುವುದನ್ನು ನಾವು ತರಗತಿಯಲ್ಲಿ ನಗುತ್ತಾ ಓದುತ್ತೇವೆ. ಅದರ ಹಿಂದಿನ ತತ್ವ ನಗುವಂಥದ್ದಲ್ಲ: ಕೃಪೆ ಪ್ರಕೃತಿಯನ್ನು ಅಳಿಸುವುದಿಲ್ಲ. ಮಾತ್ರೆಯೂ ಮನೋವೈದ್ಯರೂ ದೇವದೂತನ ರೊಟ್ಟಿಯ ಜಾತಿಗೇ ಸೇರಿದವರು. ಹೊಸೂರು ರಸ್ತೆಯ ಒಂದು ತುದಿಯಲ್ಲಿ ನಿಮ್ಹಾನ್ಸ್ ಇದೆ, ಅದೇ ರಸ್ತೆಯಲ್ಲಿ ಮುಂದೆ ಎಲೆಕ್ಟ್ರಾನಿಕ್ ಸಿಟಿ. ಆ ಸಂಸ್ಥೆ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 20 ವಯಸ್ಕರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾದವರು; ಖಿನ್ನತೆಯಿರುವವರಲ್ಲಿ ಸುಮಾರು ಶೇ. 85ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. 200 ಮಂದಿ ವಯಸ್ಕರು ಕುಳಿತ ಬಲಿಪೂಜೆಗೆ ಈ ಲೆಕ್ಕವನ್ನು ಅನ್ವಯಿಸಿ ನೋಡಿದರೆ, ನಮ್ಮ ಮಾತನ್ನು ಕೇಳುತ್ತಿರುವವರು ಯಾರೆಂಬುದು ತಿಳಿದೀತು.

ಆಧ್ಯಾತ್ಮಿಕ ಮಾರ್ಗದರ್ಶಕರಿಗೆ ಇಲ್ಲಿ ಒಂದು ಎಚ್ಚರಿಕೆ. ಖಿನ್ನತೆಯನ್ನು ಕಂಡಕೂಡಲೇ ಸಂತ ಶಿಲುಬೆಯ ಯೊವಾನ್ನರ 'ಕತ್ತಲ ರಾತ್ರಿ' ಎಂದು ಹೆಸರಿಡುವುದು ಗೌರವದಂತೆ ತೋರಿದರೂ ಅಪಾಯಕಾರಿ. ಆತ್ಮದ ಶುಷ್ಕತೆಯನ್ನು ದೇಹದ ವಿಷಣ್ಣತೆಯಿಂದ ಬೇರ್ಪಡಿಸಲು ಆ ಸಂತರೇ ಗುರುತುಗಳನ್ನು ಕೊಟ್ಟಿದ್ದಾರೆ. ಎರಡೂ ಒಟ್ಟಿಗೆ ಇರಬಹುದೆಂದೂ ಒಪ್ಪಿದ್ದಾರೆ.

5. ಇನ್ನೊಬ್ಬರಿಗಾಗಿ ನಿರೀಕ್ಷಿಸಬಹುದೇ?

ಇಲ್ಲಿ ಒಂದು ದೈವಶಾಸ್ತ್ರೀಯ ಆಕ್ಷೇಪ ಏಳುತ್ತದೆ. ನಿರೀಕ್ಷೆ ಒಂದು ದೈವಿಕ ಸದ್ಗುಣ. ಅದು ಆಯಾ ವ್ಯಕ್ತಿಯಲ್ಲಿ ಇರಬೇಕಾದದ್ದು. ಒಬ್ಬರ ಬದಲು ಇನ್ನೊಬ್ಬರು ನಿರೀಕ್ಷಿಸುವುದೆಂದರೇನು? ತೋಮಸರು 'ದೈವಶಾಸ್ತ್ರ ಸಂಗ್ರಹ'ದ ಎರಡನೆಯ ಭಾಗದ ಎರಡನೆಯ ಖಂಡದಲ್ಲಿ, 17ನೆಯ ಪ್ರಶ್ನೆಯಡಿ, ಇದನ್ನೇ ಎತ್ತಿಕೊಳ್ಳುತ್ತಾರೆ. ನಿರೀಕ್ಷೆ ನೇರವಾಗಿ ತನ್ನ ಒಳಿತನ್ನೇ ನೋಡುತ್ತದೆ, ನಿಜ. ಆದರೆ ಪ್ರೀತಿಯಿಂದ ಇಬ್ಬರು ಒಂದಾದಾಗ ಒಬ್ಬನು ಇನ್ನೊಬ್ಬನಿಗಾಗಿ ತನಗೆಂಬಂತೆಯೇ ನಿರೀಕ್ಷಿಸಬಲ್ಲನು ಎಂಬುದು ಅವರ ನಿರ್ಣಯ.

ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳ 2007ರ 'ಸ್ಪೇ ಸಾಲ್ವಿ' ಪರಿಪತ್ರ ಇದನ್ನು ಮುಂದುವರಿಸಿ, ನಮ್ಮ ನಿರೀಕ್ಷೆ ಮೂಲತಃ ಇತರರಿಗಾಗಿಯೂ ಇರುವ ನಿರೀಕ್ಷೆ ಎಂದು ಬೋಧಿಸುತ್ತದೆ. ಆ ಮಾತು ಬರುವುದು ಮೃತರಿಗಾಗಿ ಪ್ರಾರ್ಥಿಸುವ ಸಂದರ್ಭದಲ್ಲಿ. ಪರಿಪತ್ರ ಅದನ್ನು ಜೀವಂತ ರೋಗಿಗಳ ಕಡೆಗೆ ವಿಸ್ತರಿಸಿಲ್ಲ. ಅದೊಂದು ಕೊರತೆ ಎಂದೇ ನನ್ನ ಅನಿಸಿಕೆ. ತಮಗಾಗಿ ಏನನ್ನೂ ಮಾಡಿಕೊಳ್ಳಲಾರದ ಮೃತರಿಗಾಗಿ ನಿರೀಕ್ಷಿಸಬಹುದಾದರೆ, ಹಾಸಿಗೆಯಿಂದ ಏಳಲಾರದ ಸೋದರನಿಗಾಗಿ ಏಕೆ ಆಗದು? ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ಪೀಡಿತನು ಒಂದು ಮಾತನ್ನೂ ಆಡುವುದಿಲ್ಲ. ಯೇಸುಸ್ವಾಮಿ ಕಂಡದ್ದು ಅವನನ್ನು ಹೊತ್ತು ತಂದವರ ವಿಶ್ವಾಸವನ್ನು.

ನಮ್ಮ ನುಡಿಯೂ ಇದಕ್ಕೆ ಅನುಕೂಲವಾಗಿದೆ. ಕನ್ನಡದಲ್ಲಿ ಭರವಸೆಯನ್ನು ಇಡುತ್ತೇವೆ, ಹಾಗೆಯೇ ಕೊಡುತ್ತೇವೆ. ಒಳಗಿನ ನಿರೀಕ್ಷೆಗೂ ಇನ್ನೊಬ್ಬರಿಗೆ ಕೊಡುವ ಮಾತಿಗೂ ಒಂದೇ ಪದ. ಖಿನ್ನತೆಯಲ್ಲಿರುವವರು ಭರವಸೆ ಇಡಲಾರರು. ನಾವು ಕೊಡಬಲ್ಲೆವು, ಕೊಟ್ಟದ್ದನ್ನು ಉಳಿಸಿಕೊಳ್ಳಬಲ್ಲೆವು. "ನಾಳೆ ಬರುತ್ತೇನೆ" ಎಂದು ಹೇಳಿ ನಾಳೆ ಹೋಗುವುದೇ ಅದರ ಮೊದಲ ರೂಪ.

6. ಪಾಲನಾ ಸೇವೆಗೆ ಕೆಲವು ಮಾತುಗಳು

ಪಾಪನಿವೇದನೆಗೆ ಬಂದವರು ಪ್ರಾರ್ಥಿಸಲಾಗುತ್ತಿಲ್ಲ, ಯಾವುದೂ ಬೇಡವಾಗಿದೆ ಎಂದಾಗ ಅದನ್ನು ಸೋಮಾರಿತನದ ಪಾಪವೆಂದು ಎಣಿಸುವ ಮೊದಲು ನಿದ್ದೆ, ಊಟ, ಕೆಲಸದ ವೇಳೆಗಳನ್ನು ವಿಚಾರಿಸೋಣ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಅಂಜಬೇಕಾಗಿಲ್ಲ; ಬರುತ್ತಿದ್ದರೆ ಒಂಟಿಯಾಗಿ ಕಳುಹಿಸಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ಪ್ರತಿ ಧರ್ಮಕೇಂದ್ರದ ಪ್ರಕಟಣಾ ಫಲಕದಲ್ಲಿ ಇರಲಿ. ಗಂಭೀರ ಖಿನ್ನತೆಯೂ ಗಂಭೀರ ಕಾಯಿಲೆಯೇ ಆದುದರಿಂದ ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಅವರಿಗೆ ತಪ್ಪಿಸಬಾರದು. ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರ ರಕ್ಷಣೆಯ ವಿಷಯದಲ್ಲಿ ನಿರಾಶರಾಗಬಾರದೆಂದು ಧರ್ಮೋಪದೇಶ ಗ್ರಂಥ (2283) ಹೇಳುತ್ತದೆ. 1917ರ ಧರ್ಮಸಂಹಿತೆಯಲ್ಲಿ ಅವರ ಅಂತ್ಯಕ್ರಿಯೆಗಿದ್ದ ನಿಷೇಧ 1983ರ ಸಂಹಿತೆಯಲ್ಲಿ ಇಲ್ಲ. ಆ ಮನೆಯವರು ಇದನ್ನು ನಮ್ಮ ಬಾಯಿಂದ ಕೇಳಬೇಕು. ಖಿನ್ನತೆ ಗುರುಮಠದ ಕೋಣೆಗಳಿಗೂ ಧರ್ಮಕೇಂದ್ರದ ಗುರುನಿವಾಸಕ್ಕೂ ಬರುತ್ತದೆ ಎಂಬುದನ್ನು ಹೇಳಿಕೊಳ್ಳಲು ನಾವೂ ಕಲಿಯಬೇಕು.

ಉದ್ದೇಶದ ಬೋಧನೆಯನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಎಲೀಯನಿಗೆ ಕೊನೆಯಲ್ಲಿ ಹೊಣೆ ದೊರೆಯಿತು. ಚೇತರಿಸಿಕೊಂಡವರು ತಾವು ಕಂಡುಕೊಂಡ ಅರ್ಥವನ್ನು ತಾವೇ ನಮಗೆ ಹೇಳಿಯಾರು. ಅಲ್ಲಿಯವರೆಗೆ, ಯಾವ ಪ್ರಾಜೆಕ್ಟೂ ಇಲ್ಲದೆ, ಯಾವ ಫಲವನ್ನೂ ತೋರಿಸಬೇಕಾಗಿಲ್ಲದೆ ಒಬ್ಬ ಮನುಷ್ಯ ಕುಳಿತಿರಬಹುದಾದ ಬೆಂಚೊಂದು ಈ ಊರಿನಲ್ಲಿ ಇರಬೇಕಾದರೆ ಅದು ದೇವಾಲಯದ ಬೆಂಚೇ ಆಗಬೇಕು. ಅಲ್ಲಿ ಕುಳಿತವರ ಪಕ್ಕದಲ್ಲಿ ಯಾರಾದರೂ ಕುಳಿತು ಮೊದಲು ಅವರ ಹೆಸರನ್ನು ಕೇಳಬೇಕು. ಅಂದು ನಾನು ಮಾಡದೆ ಬಿಟ್ಟದ್ದು ಅದನ್ನೇ.